ಒಂದೂ ಸರಿ ಬರೀಬೇಡ

ತೊಂದರೆ ಬಂದದ್ದು ಅಂಗೈ ಅಗಲದ ಒಂದು ಹಳದಿ ಚೀಟಿಯಾಗಿ. ಬೆಳಿಗ್ಗೆ ಏಳು ಗಂಟೆಗೆ ಬುದ್ಧಿಮಾಪನ ಕಚೇರಿಯ ಜವಾನ ಅದನ್ನು ಬಾಗಿಲ ಸಂದಿಯಲ್ಲಿ ತೂರಿಸಿ, ಯಾರಾದರೂ ಹೊರಗೆ ಬಂದು ಏನಾದರೂ ಕೇಳುವ ಮೊದಲೇ ಸೈಕಲ್ ಹತ್ತಿ ಪರಾರಿಯಾದ. ಕೆಟ್ಟ ಸುದ್ದಿ ತರುವವರು ಯಾವತ್ತೂ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವುದಿಲ್ಲ.

ಚೀಟಿಯಲ್ಲಿದ್ದದ್ದು ಇಷ್ಟು. ಮನುಷ್ಯನ ಬುದ್ಧಿಯ ಅಂಕ ಹುಟ್ಟಿದಾಗ ಇದ್ದ ಹಾಗೇ ಇರುತ್ತದೋ, ಕಾಲ ಕಳೆದಂತೆ ಬದಲಾಗುತ್ತದೋ ಎಂದು ಮೇಲಿನವರಿಗೆ ಅನುಮಾನ ಬಂದಿದೆ. ಆದ್ದರಿಂದ ಇಪ್ಪತ್ತು ವರ್ಷಕ್ಕಿಂತ ಹಳೆಯ ಅಂಕ ಇರುವ ನೌಕರರೆಲ್ಲ ಸರದಿಯಂತೆ ಮರುಪರೀಕ್ಷೆಗೆ ಬರಬೇಕು. ನಿಮ್ಮ ಸರದಿ ಇವತ್ತು, ಹನ್ನೊಂದು ಗಂಟೆಗೆ.

ಚೀಟಿ ಬಂದದ್ದು ಅರವತ್ತೆಂಟಕ್ಕೆ. ಅದು ಅವನ ವಯಸ್ಸಲ್ಲ, ವಯಸ್ಸು ನಲವತ್ತೈದು. ಮನೆ ನಂಬರೂ ಅಲ್ಲ. ಅರವತ್ತೆಂಟು ಅವನ ಬುದ್ಧಿಯ ಅಂಕ. ಒಂಬತ್ತು ವರ್ಷದವನಿದ್ದಾಗ ಶಾಲೆಗೆ ಒಬ್ಬ ಸಾಹೇಬರು ಕಾರ್ಡಿನ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದರು. ಕರಿಹಲಗೆಯ ಪಕ್ಕ ನಿಂತು ಒಂದೊಂದೇ ಕಾರ್ಡು ಎತ್ತಿ, ಹಿಂದಿನ ಬೆಂಚಿನಲ್ಲಿದ್ದ ಇವನನ್ನು ಕೇಳಿದರು, "ಇದೇನು?" ಇವನು ಹೇಳಿದ, "ಮೋಡ." ಎರಡನೆಯದಕ್ಕೂ ಮೋಡ. ಇಪ್ಪತ್ತು ಕಾರ್ಡಿಗೆ ಇಪ್ಪತ್ತು ಮೋಡ. ಸಾಹೇಬರು ಮರುಗಿ, ಪುಸ್ತಕದಲ್ಲಿ ಅರವತ್ತೆಂಟು ಎಂದು ಬರೆದುಕೊಂಡು ಹೋದರು. ಬರವಣಿಗೆಯಲ್ಲಿ ಏನಿದ್ದರೂ ನಂಬುವ ಅಪ್ಪ ಮುಂದಿನ ವರ್ಷವೇ ಶಾಲೆ ಬಿಡಿಸಿದರು. ಅಂದಿನಿಂದ ಬೀದಿಯವರಿಗೆಲ್ಲ ಅವನು ಅರವತ್ತೆಂಟು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಪಾಪ, ಅದು ಬಳಸದೆ ತುಕ್ಕು ಹಿಡಿದು ಹೋಯಿತು.

ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಉಳಿದವಳು ಅಕ್ಕ. ಇವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಇವನನ್ನು ಸಾಕಿದಳು. ಅವಳಿಗೆ ಮೂರು ಸಂಬಂಧ ಬಂದಿದ್ದವು. ಮೂರಕ್ಕೂ ಅವಳು ಒಂದೇ ಮಾತು ಹೇಳಿದಳು: "ನಾನು ಹೋದ್ರೆ ಇವನನ್ನ ನೋಡ್ಕೊಳ್ಳೋರು ಯಾರು?" ನಾಲ್ಕನೆಯ ಸಂಬಂಧ ಬರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅವಳೇ ಓಡಾಡಿ, ಕಂಡವರ ಕಾಲು ಹಿಡಿದು, ತಮ್ಮನಿಗೆ ಬುದ್ಧಿಮಾಪನ ಕಚೇರಿಯ ಬೈಂಡಿಂಗ್ ಶಾಖೆಯಲ್ಲಿ ಕೆಲಸ ಕೊಡಿಸಿದ್ದಳು. ಆ ಶಾಖೆ ಎಪ್ಪತ್ತರೊಳಗಿನ ಅಂಕದವರಿಗೇ ಮೀಸಲು. ದಯೆಯಿಂದಲ್ಲ, ಎಚ್ಚರಿಕೆಯಿಂದ. ಬುದ್ಧಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳೂ ಅವುಗಳ ಉತ್ತರದ ಕೀಗಳೂ ಅಲ್ಲೇ ಪುಸ್ತಕವಾಗುತ್ತಿದ್ದವು. ಗುಟ್ಟಿನ ಕಾಗದ, ಓದಿದರೂ ಅರ್ಥವಾಗದವರ ಕೈಯಲ್ಲಿದ್ದರೆ ಭದ್ರ ಎಂದು ಯಾರೋ ಮಹಾನುಭಾವರು ಯೋಚಿಸಿದ್ದರು. ಹೀಗೆ ಅವನು ಪ್ರತಿದಿನ ಹಾಳೆ ಮಡಿಸಿ, ಪುಟ ಜೋಡಿಸಿ, ದಬ್ಬಣದಲ್ಲಿ ತೂತು ಹೊಡೆದು, ಮೇಣದ ದಾರದಲ್ಲಿ ಹೊಲಿದು, ರಟ್ಟು ಅಂಟಿಸುತ್ತಿದ್ದ. ಅವನು ಹೊಲಿದ ಪುಸ್ತಕದಲ್ಲಿ ಒಂದು ಪುಟ ಹಿಂದೆ ಮುಂದೆ ಆದದ್ದಿಲ್ಲ.

ಅಕ್ಕ ಚೀಟಿಯನ್ನು ಮೂರು ಸಲ ಓದಿದಳು. ಮೂರನೆಯ ಸಲಕ್ಕೆ ಕೂತುಬಿಟ್ಟಳು.

"ಅಯ್ಯೋ ದೇವರೇ! ಅಂಕ ಏನಾದ್ರೂ ಏರಿದ್ರೆ? ಎರಡೇ ಎರಡು ಏರಿದ್ರೂ ಎಪ್ಪತ್ತು ಕಣೋ! ಕೆಲಸದಿಂದ ತೆಗೀತಾರೆ!"

"ಏರಲ್ಲ ಬಿಡಕ್ಕ," ಎಂದ ಅರವತ್ತೆಂಟು.

"ನಿಂಗೇನು ಗೊತ್ತು? ನೀನು ಸುಮ್ನಿರು," ಎಂದು ಅಕ್ಕ ಜ್ವರ ನೋಡುವವಳಂತೆ ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ ಬಾಗಿಲಿಗೆ ಹೋಗಿ ಎಡಮನೆಯವರನ್ನೂ ಬಲಮನೆಯವರನ್ನೂ ಒಟ್ಟಿಗೇ ಕೂಗಿದಳು. ಅವಳು ಮಾಡಿದ ದೊಡ್ಡ ತಪ್ಪು ಅದು.

ಎಡಮನೆಯಲ್ಲಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ಮೂವತ್ತೈದು ವರ್ಷ ಮಕ್ಕಳ ಕಿವಿ ಹಿಂಡಿದವರು. ಬಲಮನೆಯಲ್ಲಿದ್ದವನು ಗಡಿಯಾರ ರಿಪೇರಿ ಮಾಡುವವನು, ಬೀದಿಗೆಲ್ಲ ಗಡಿಯಾರದಣ್ಣ. ಇವರಿಬ್ಬರೂ ಸೂರ್ಯ ಹುಟ್ಟುವ ದಿಕ್ಕಿನ ವಿಷಯದಲ್ಲೂ ಒಪ್ಪಿದವರಲ್ಲ.

ಮೇಷ್ಟ್ರು ಚೀಟಿ ಓದಿ ನಕ್ಕರು. "ಇದಕ್ಕೆ ಇಷ್ಟು ಗಾಬರಿನಾ? ಬುದ್ಧಿ ಅನ್ನೋದು ಎತ್ತರ ಇದ್ದ ಹಾಗೆ ಕಣಮ್ಮ. ನಿಂತ ಮೇಲೆ ನಿಂತೇ ಹೋಯ್ತು. ಒಂದನೇ ಕ್ಲಾಸಲ್ಲಿ ದಡ್ಡ ಆಗಿದ್ದವನು ಹತ್ತನೇ ಕ್ಲಾಸಲ್ಲೂ ದಡ್ಡನೇ. ನಾನು ಕಣ್ಣಾರೆ ನೋಡಿದೀನಿ."

"ನೋಡದೆ ಏನು, ಹತ್ತು ವರ್ಷ ಪಾಠ ಮಾಡಿದೋರು ನೀವೇ ಅಲ್ವಾ," ಎಂದ ಗಡಿಯಾರದಣ್ಣ. "ನಾನೂ ನಲವತ್ತು ವರ್ಷದಿಂದ ಗಡಿಯಾರ ನೋಡ್ತಾ ಇದೀನಿ ಮೇಷ್ಟ್ರೇ. ಒಂದೇ ಸಮ ನಡೆಯೋ ಗಡಿಯಾರ ಇನ್ನೂ ಹುಟ್ಟಿಲ್ಲ. ಧೂಳು ಕೂತ್ರೆ ನಿಲ್ಲುತ್ತೆ, ಎಣ್ಣೆ ಬಿಟ್ರೆ ಓಡುತ್ತೆ. ಇವನು ಇಪ್ಪತ್ತೆರಡು ವರ್ಷ ಪುಸ್ತಕದ ಮಧ್ಯೆ ಕೂತಿದಾನೆ. ಖಂಡಿತ ಏರಿರುತ್ತೆ. ನನ್ನ ಕೇಳಿದ್ರೆ ಎಂಬತ್ತು!"

"ಎಂಬತ್ತಾ!" ಅಕ್ಕ ಎದೆ ಹಿಡಿದುಕೊಂಡಳು.

"ಅರವತ್ತೆಂಟೇ! ಬೇಕಾದ್ರೆ ಪಂಥ!" ಎಂದು ಮೇಷ್ಟ್ರು ಎದ್ದು ನಿಂತರು. "ಸಂಜೆ ಅರವತ್ತೆಂಟು ಅಂತ ಬಂದ್ರೆ ಇಡೀ ಸಾಲಿಗೆ ನೀನು ಟೀ ಕಾಯಿಸ್ಬೇಕು."

"ಬೇರೆ ಬಂದ್ರೆ ನೀವು ಬೀದಿಲಿ ನಿಂತು ನಿಮ್ಮ ಕಿವಿ ನೀವೇ ಹಿಂಡ್ಕೋಬೇಕು!"

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸು ಮೂಲೆಯಲ್ಲಿ ಕೂತು ತನ್ನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿತ್ತು. ಅದನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಏರಿರಬಹುದಾದ ಬುದ್ಧಿಯನ್ನು ಹನ್ನೊಂದು ಗಂಟೆಯೊಳಗೆ ಇಳಿಸುವುದು ಹೇಗೆ ಎಂಬ ಚರ್ಚೆ ಶುರುವಾಯಿತು. ಹೊಟ್ಟೆ ಬಿರಿಯೆ ಊಟ ಹಾಕಿದರೆ ಮಂಕು ಕವಿಯುತ್ತದೆ ಎಂದರು ಮೇಷ್ಟ್ರು. ಎಂಟು ಗಂಟೆಗೇ ಅವನಿಗೆ ಮೂರು ಹೊತ್ತಿನ ಊಟ ಬಡಿಸಲಾಯಿತು. ತಲೆ ಬಿಸಿಯಾದರೆ ಯಂತ್ರ ನಿಧಾನವಾಗುತ್ತದೆ ಎಂದ ಗಡಿಯಾರದಣ್ಣ. ಉಣ್ಣೆಯ ಟೋಪಿ ಹಾಕಿ ಅರ್ಧ ಗಂಟೆ ಬಿಸಿಲಿನಲ್ಲಿ ಕೂರಿಸಲಾಯಿತು. ಅರವತ್ತೆಂಟು ಎಲ್ಲಕ್ಕೂ ಒಪ್ಪಿದ. ಕೊನೆಗೆ ಮೇಷ್ಟ್ರು ಅವನ ಮುಖವನ್ನೇ ನೋಡುತ್ತಾ, "ಈ ಕನ್ನಡಕ ಬೇಡ ಕಣಮ್ಮ," ಎಂದರು. "ಇದನ್ನ ಹಾಕ್ಕೊಂಡ್ರೆ ಒಳ್ಳೆ ವಕೀಲನ ಥರ ಕಾಣ್ತಾನೆ. ನೋಡಿದ ತಕ್ಷಣ ಐದು ಅಂಕ ಜಾಸ್ತಿ ಕೊಟ್ಬಿಡ್ತಾರೆ."

ಅರವತ್ತೆಂಟು ಆಗ ಬಾಯಿ ಬಿಟ್ಟ. "ಕನ್ನಡಕ ಒಂದು ಬಿಟ್ಬಿಡಿ ಮೇಷ್ಟ್ರೇ. ಅದಿಲ್ದೆ ದೂರದ್ದು ಏನೂ ಕಾಣಲ್ಲ."

"ಕಾಣಬಾರದು ಅಂತಾನೇ ತೆಗೀತಿರೋದು," ಎಂದು ಅಕ್ಕ ಕನ್ನಡಕ ತೆಗೆದು ತನ್ನ ಚೀಲದಲ್ಲಿ ಹಾಕಿಕೊಂಡಳು. ಹನ್ನೊಂದನೆಯ ವಯಸ್ಸಿನಿಂದ ಅವನ ಮೂಗಿನ ಮೇಲೆ ಕೂತಿದ್ದ ಕನ್ನಡಕ. ಅದು ಹೋದ ಜಾಗದಲ್ಲಿ ಎರಡು ಕೆಂಪು ಗುಳಿ ಉಳಿದವು.

ಬಾಗಿಲ ತನಕ ಬಂದು ಅಕ್ಕ ಅವನ ಕೈ ಹಿಡಿದಳು. ಈಗ ಅವಳ ಧ್ವನಿ ಬೇರೆಯಾಗಿತ್ತು.

"ನೋಡೋ, ನಂಗೂ ವಯಸ್ಸಾಯ್ತು. ಕಣ್ಣು ಮಂಜಾಗ್ತಿದೆ, ಸೂಜಿಗೆ ದಾರ ಪೋಣಿಸೋಕಾಗಲ್ಲ. ಈ ಕೆಲಸ ಒಂದು ಇದ್ರೆ ನಾನು ಹೋದ ಮೇಲೂ ನಿಂಗೆ ಒಂದು ನೆರಳಿರುತ್ತೆ. ಇದು ಹೋದ್ರೆ ಅರವತ್ತೆಂಟು ಇರೋನಿಗೆ ಬೇರೆ ಯಾರೂ ಕೆಲಸ ಕೊಡಲ್ಲ. ಒಂದೂ ಸರಿ ಬರೀಬೇಡ. ತಿಳೀತಾ?"

"ಒಂದೆರಡು ಸರಿ ಇರ್ಲಿ ಅಕ್ಕ. ಎಲ್ಲಾ ತಪ್ಪಾದ್ರೆ ಚೆನ್ನಾಗಿರಲ್ಲ."

"ಒಂದೂ ಬೇಡ ಅಂದ್ರೆ ಬೇಡ! ನನ್ನ ಮೇಲಾಣೆ!"

ಆಣೆ ಹಾಕಿದ ಮೇಲೆ ಮುಗಿಯಿತು. ಅರವತ್ತೆಂಟು ತಲೆಯಾಡಿಸಿ ಹೊರಟ.

ಕನ್ನಡಕವಿಲ್ಲದ ಬೀದಿ ಅವನಿಗೆ ಹಾಲು ಚೆಲ್ಲಿದ ಹಾಗೆ ಕಂಡಿತು. ಬಸ್ಸಿನ ನಂಬರು ಕಾಣದೆ, ಬಂದ ಮೊದಲ ಬಸ್ಸು ಹತ್ತಿದ. ಅದು ಸ್ಮಶಾನದ ದಾರಿ ಹಿಡಿಯಿತು. "ಎಲ್ಲಿಗೆ?" ಎಂದು ಕಂಡಕ್ಟರ್ ಕೇಳಿದಾಗ "ಬುದ್ಧಿ ಆಫೀಸಿಗೆ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅರ್ಧ ದಾರಿಯಲ್ಲಿ ಇಳಿದು, ಬೆನ್ನು ಮಾಡಿ ನಿಂತಿದ್ದ ಒಬ್ಬ ದೊಡ್ಡ ಮನುಷ್ಯರನ್ನು ವಿನಯದಿಂದ ದಾರಿ ಕೇಳಿದ. ಅವರು ಉತ್ತರ ಕೊಡಲಿಲ್ಲ, ಏಕೆಂದರೆ ಅವರು ಅಂಚೆ ಡಬ್ಬಿ. ಅಲ್ಲಿಂದ ಓಡುತ್ತಾ ಬಂದು ಕಚೇರಿಯ ಗೇಟಿನ ಪಕ್ಕದ ದೀಪದ ಕಂಬಕ್ಕೆ ಹಣೆ ಕೊಟ್ಟ. ಪರೀಕ್ಷೆಯ ಕೋಣೆಗೆ ಬಂದಾಗ ಹನ್ನೊಂದೂಕಾಲು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬೋರೆ, ತಲೆಯ ಮೇಲೆ ಉಣ್ಣೆಯ ಟೋಪಿ, ಹೊಟ್ಟೆಯಲ್ಲಿ ಮೂರು ಹೊತ್ತಿನ ಊಟ.

ಪರೀಕ್ಷೆ ನಡೆಸುವ ಮೇಡಂ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಬೈಂಡಿಂಗ್ ಶಾಖೆಯವನಾ? ಕೂತ್ಕೋ. ಅರವತ್ತು ಪ್ರಶ್ನೆ ಇದೆ. ಒಂದೊಂದಕ್ಕೂ ನಾಲ್ಕು ಉತ್ತರ ಕೊಟ್ಟಿರ್ತಾರೆ, ಸರಿ ಅನ್ನಿಸಿದ್ದಕ್ಕೆ ಗುರುತು ಹಾಕು. ಗೊತ್ತಾಗ್ದಿದ್ರೆ ಅಳಬೇಡ."

"ಆಯ್ತು ಮೇಡಂ."

ಪತ್ರಿಕೆ ಕೈಗೆ ಬಂದಾಗ ಅವನು ಮೊದಲು ಬೆನ್ನಿನ ಹೊಲಿಗೆ ಸವರಿ ನೋಡಿದ. ತನ್ನದೇ ಹೊಲಿಗೆ. ಆಮೇಲೆ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು ಕೆಲಸ ಶುರು ಮಾಡಿದ.

ತಪ್ಪು ಬರೆಯುವುದು ಸುಲಭ ಎನ್ನುವವರು ಒಂದು ಸಲ ಬರೆದು ನೋಡಬೇಕು. ಪಾಪದವನು ಪ್ರತಿ ಪ್ರಶ್ನೆಗೂ ಮೊದಲು ಸರಿಯಾದದ್ದನ್ನು ಹುಡುಕಿ, ಅದು ಕೈತಪ್ಪಿ ಹೋಗದಂತೆ ಅದರ ಮೇಲೆ ಎಡಗೈ ಬೆರಳು ಇಟ್ಟು, ಬೇರೆ ಯಾವುದಕ್ಕಾದರೂ ಗುರುತು ಹಾಕುತ್ತಿದ್ದ. ಟೋಪಿಯೊಳಗಿಂದ ಬೆವರು ಇಳಿಯಿತು. ಅಕ್ಕನ ಮೇಲಿನ ಆಣೆ; ಒಂದು ಎಡವಿದರೂ ಅವಳ ತಲೆಗೆ. ಅವನಿಗೆ ಹಾಗೆಲ್ಲ ನಂಬಿಕೆ ಇರಲಿಲ್ಲ, ಆದರೆ ಅಕ್ಕ ಇದ್ದವಳು ಒಬ್ಬಳೇ.

ನಲವತ್ತೊಂದನೆಯ ಪ್ರಶ್ನೆಗೆ ಬಂದಾಗ ಅವನು ನಿಂತ. ಹಳೆಯ ಪರಿಚಯದ ಪ್ರಶ್ನೆ ಅದು. ಮೂರು, ಆರು, ಹನ್ನೊಂದು, ಹದಿನೆಂಟು, ಇಪ್ಪತ್ತೇಳು. ಮುಂದಿನ ಸಂಖ್ಯೆ ಯಾವುದು? ಅವನ ಮುಖದಲ್ಲಿ ಸಣ್ಣ ನಗು ಬಂತು. ಎರಡನೆಯ ಉತ್ತರಕ್ಕೆ ಗುರುತು ಹಾಕಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಿಟ್ಟುಸಿರು ಬಿಟ್ಟು ಮುಂದಿನದಕ್ಕೆ ಹೋದ.

ಊಟದ ಹೊತ್ತು ಕಳೆದ ಮೇಲೆ ಮೇಡಂ ಅವನನ್ನು ತಮ್ಮ ಕೋಣೆಗೆ ಕರೆಸಿದರು. ಬೈಂಡಿಂಗ್ ಶಾಖೆಯ ಮೇಸ್ತ್ರಿಯೂ ಅಲ್ಲಿದ್ದ, ಕೈ ಕಟ್ಟಿಕೊಂಡು. ಮೇಜಿನ ಮೇಲೆ ಅವನ ಉತ್ತರದ ಹಾಳೆ, ಪಕ್ಕದಲ್ಲಿ ಕೀ, ಅದರ ಪಕ್ಕದಲ್ಲಿ ಅಂಚು ಹರಿದ ಒಂದು ಹಳೆಯ ಫೈಲು.

"ಅರವತ್ತಕ್ಕೆ ಒಂದು," ಎಂದರು ಮೇಡಂ. "ಒಂದೇ ಒಂದು ಸರಿ."

"ನಾನು ಹೇಳ್ಲಿಲ್ವಾ ಮೇಡಂ," ಎಂದ ಮೇಸ್ತ್ರಿ, ಸಮಾಧಾನದಿಂದ. "ಒಳ್ಳೆ ಮನುಷ್ಯ, ಆದ್ರೆ ಮೇಲೆ ಖಾಲಿ. ಅರವತ್ತೆಂಟಲ್ಲ, ಈಗ ಐವತ್ತಕ್ಕೆ ಇಳಿದಿರಬೇಕು. ಹಾಗೇ ಬರ್ಕೊಂಡ್ಬಿಡಿ."

"ಬರ್ಕೋಬಹುದಿತ್ತು. ಆದ್ರೆ ನಾಲ್ಕರಲ್ಲಿ ಒಂದು ಸರಿ ಇರೋ ಪತ್ರಿಕೆ ಇದು. ಕಣ್ಣು ಮುಚ್ಕೊಂಡು ಗೀಚಿದ್ರೂ ಹದಿನೈದು ಸರಿ ಬರುತ್ತೆ. ಕಚೇರಿ ಬೆಕ್ಕನ್ನ ಹಾಳೆ ಮೇಲೆ ಓಡಾಡಿಸಿದ್ರೂ ಹತ್ತು ಬರುತ್ತೆ. ಇಷ್ಟು ಅಚ್ಚುಕಟ್ಟಾಗಿ ಐವತ್ತೊಂಬತ್ತು ತಪ್ಪು ಮಾಡೋಕೆ ಐವತ್ತೊಂಬತ್ತು ಸರಿ ಉತ್ತರನೂ ಗೊತ್ತಿರ್ಬೇಕು."

ಅರವತ್ತೆಂಟು ತನ್ನ ಚಪ್ಪಲಿ ನೋಡುತ್ತಾ ನಿಂತ. ಆಗಲೂ ಅವನು ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದನೋ ಏನೋ. ಮೇಸ್ತ್ರಿ, "ಗ್ರಹಚಾರ ಮೇಡಂ, ದಡ್ಡನ ಗ್ರಹಚಾರ," ಎಂದು ಅವನ ಪರ ವಾದಿಸುತ್ತಲೇ ಇದ್ದ. ಮೇಡಂಗೂ ಅರ್ಧ ಅನುಮಾನವೇ. ಆದರೆ ಅವರ ಬೆರಳು ಆ ಒಂದು ಸರಿ ಉತ್ತರದ ಮೇಲೆ ಹೋಗಿ ನಿಂತಿತು.

"ಇದೊಂದು ನಂಗೆ ಅರ್ಥ ಆಗ್ತಿಲ್ಲ. ನಲವತ್ತೊಂದನೇ ಪ್ರಶ್ನೆ. ಇಷ್ಟು ವರ್ಷದಲ್ಲಿ ಯೋಚಿಸಿ ಬರೆದೋರು ಯಾರೂ ಈ ಪ್ರಶ್ನೆಗೆ ಸರಿ ಉತ್ತರ ಬರೆದೇ ಇಲ್ಲ. ದೊಡ್ಡ ದೊಡ್ಡ ಬುದ್ಧಿವಂತರೆಲ್ಲ ಮೂವತ್ತೆಂಟು ಅಂತ ಬರೆದು ಸೋತಿದಾರೆ. ಇದರಲ್ಲಿ ಏನೋ ಬಹಳ ಆಳವಾದ ಗುಟ್ಟಿದೆ ಅಂತ ಇದರ ಮೇಲೆ ಪ್ರಬಂಧಾನೇ ಬಂದಿದೆ. ಯೋಚಿಸಿ ಮೂವತ್ತೇಳು ಅಂತ ಬರೆದವನು ನೀನೊಬ್ಬನೇ. ಹೇಗೆ ಬಂತು ಇದು?"

ಅವನು ಇಪ್ಪತ್ತೆರಡು ವರ್ಷದಲ್ಲಿ ಒಂದು ಪುಟ ಹಿಂದೆ ಮುಂದೆ ಹೊಲಿದವನಲ್ಲ. ತಪ್ಪನ್ನು ಸರಿ ಎಂದು ಯಾರಾದರೂ ಹೊಗಳಿದರೆ ಅವನಿಗೆ ಅಂಗಾಲು ಉರಿಯುತ್ತಿತ್ತು.

"ಅದೂ ತಪ್ಪೇ ಮೇಡಂ," ಎಂದುಬಿಟ್ಟ. "ನಿಮ್ಮ ಕೀ ತಪ್ಪು. ಮೂರು, ಐದು, ಏಳು, ಒಂಬತ್ತು ಅಂತ ಹೆಚ್ತಾ ಹೋಗುತ್ತೆ. ಮುಂದೆ ಹನ್ನೊಂದು. ಇಪ್ಪತ್ತೇಳಕ್ಕೆ ಹನ್ನೊಂದು ಸೇರಿದ್ರೆ ಮೂವತ್ತೆಂಟೇ. ಅಚ್ಚಿನವರು ಮೂರನೇ ಉತ್ತರ ಅನ್ನೋದನ್ನ ಎರಡನೇದು ಅಂತ ಹಾಕಿದಾರೆ. ನಾನು ಕೆಲಸಕ್ಕೆ ಸೇರಿದ ವರ್ಷಾನೇ ಮೇಸ್ತ್ರಿಗೆ ಹೇಳಿದ್ದೆ. ಸುಮ್ನೆ ಹೊಲಿ ಅಂದ್ರು. ಒಂದೂ ಸರಿ ಬರೀಬೇಡ ಅಂತ ಅಕ್ಕ ಆಣೆ ಹಾಕಿದ್ಲು. ಒಂದಾದ್ರೂ ಸರಿ ಇದ್ರೆ ನಿಮಗೆ ಅನುಮಾನ ಬರಲ್ಲ ಅನ್ನಿಸ್ತು. ಇದನ್ನ ಬರೆದ್ರೆ ನಿಮಗೆ ಸರಿ, ಅಕ್ಕನಿಗೆ ತಪ್ಪು. ಅದಕ್ಕೇ."

ಮಾತು ಮುಗಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂಬುದು ತಿಳಿಯಿತು. ಮೇಸ್ತ್ರಿಯ ಮುಖ ಗೋಂದಿನ ಬಣ್ಣಕ್ಕೆ ತಿರುಗಿತ್ತು.

ಮೇಡಂ ಪೆನ್ನು ತೆಗೆದುಕೊಂಡು ಒಂದು ಚೂರು ಕಾಗದದಲ್ಲಿ ಕೂಡಿ ನೋಡಿದರು. ಇನ್ನೊಂದು ಸಲ ಕೂಡಿದರು. ಆಮೇಲೆ ತಲೆಯೆತ್ತಿ, "ಕೂತ್ಕೊಳ್ಳಿ," ಎಂದರು.

ಯಾರಿಗೆ ಹೇಳಿದರು ಎಂದು ಅರವತ್ತೆಂಟು ಹಿಂದೆ ತಿರುಗಿ ನೋಡಿದ. ಆ ಕಚೇರಿಯಲ್ಲಿ ಅವನಿಗೆ ಯಾರೂ 'ಳ್ಳಿ' ಹಚ್ಚಿ ಮಾತಾಡಿದ್ದಿಲ್ಲ.

"ನಿಮಗೇ ಹೇಳಿದ್ದು. ಕೂತ್ಕೊಳ್ಳಿ. ಕೀಗಳನ್ನ ಬಾಯಿಪಾಠ ಮಾಡಿದೀರಾ?"

"ಇಲ್ಲ ಮೇಡಂ. ಮೊದ್ಲು ನಾನೇ ಬಿಡಿಸ್ತೀನಿ, ಆಮೇಲೆ ಕೀ ನೋಡ್ತೀನಿ. ಹೊಲಿಯೋವಾಗ ಹೊತ್ತು ಹೋಗ್ಬೇಕಲ್ಲ."

"ಯಾವಾಗಿಂದ ಇದೆಲ್ಲ ಬರುತ್ತೆ ನಿಮಗೆ?"

"ಹನ್ನೊಂದನೇ ವಯಸ್ಸಿಂದ. ಕನ್ನಡಕ ಬಂದ್ಮೇಲೆ. ಅದಕ್ಕೂ ಮುಂಚೆ ಕಾರ್ಡೇ ಕಾಣ್ತಿರ್ಲಿಲ್ಲ ಮೇಡಂ. ಎಲ್ಲಾ ಬೆಳ್ಳಗೆ ಕಾಣೋದು."

ಮೇಡಂ ಹಳೆಯ ಫೈಲು ಬಿಚ್ಚಿದರು. ಒಳಗಿದ್ದ ಹಳದಿ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಒಂದರ ಕೆಳಗೆ ಒಂದು ಇಪ್ಪತ್ತು ಸಲ ಬರೆದಿತ್ತು: ಮೋಡ. ಅವರು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು, ಒಂದೇ ಪದವನ್ನು ಇಪ್ಪತ್ತು ಸಲ ಓದಬೇಕಾದಷ್ಟು ಹೊತ್ತು ತೆಗೆದುಕೊಂಡು. ಅವರ ಕಣ್ಣು ತೇವವಾಗಿತ್ತು ಎಂದು ಮೇಸ್ತ್ರಿ ಆಮೇಲೆ ಹೇಳಿದ. ಅರವತ್ತೆಂಟಕ್ಕೆ ಅಷ್ಟು ದೂರ ಕಾಣಲಿಲ್ಲ.

ಆದರೆ ಕಣ್ಣು ಬೇರೆ, ನಿಯಮ ಬೇರೆ. ಮೇಡಂ ಕಪಾಟಿನಿಂದ ನಿಯಮದ ಪುಸ್ತಕ ತೆಗೆದರು. ಅದೂ ಅವನೇ ಹೊಲಿದದ್ದು. ಪುಟ ತೆರೆದರೆ ಅಂಗೈ ಮೇಲೆ ಮಲಗುವ ಹಾಗೆ ಹೊಲಿದಿದ್ದ.

"ಕೀ ನೋಡಿದವರ ಪರೀಕ್ಷೆ ಲೆಕ್ಕಕ್ಕಿಲ್ಲ," ಎಂದು ಅವರು ಓದಿ ಹೇಳಿದರು. "ಅಂದ್ರೆ ಇವತ್ತಿನದು ರದ್ದು. ನಿಮ್ಮ ಹಳೇ ಅಂಕಾನೇ ಉಳಿಯುತ್ತೆ. ಅರವತ್ತೆಂಟು."

ಅರವತ್ತೆಂಟಕ್ಕೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಕೆಲಸ ಉಳೀತು!"

ಮೇಡಂ ಪುಟ ತಿರುಗಿಸಿದರು. "ಓದಿ ಅರ್ಥ ಮಾಡ್ಕೊಳ್ಳೋರು ಗುಟ್ಟಿನ ಕಾಗದದ ಹತ್ರ ಇರೋ ಹಾಗಿಲ್ಲ. ಇವತ್ತಿಂದಲೇ."

"ಮೇಡಂ... ಹಾಗಿದ್ರೆ ಬೇರೆ ಕೆಲಸ? ಮೇಲ್ಗಡೆ ಗುಮಾಸ್ತರ ಜಾಗ ಖಾಲಿ ಇದೆಯಂತೆ."

"ಅದಕ್ಕೆ ತೊಂಬತ್ತು ಬೇಕು. ನಿಮ್ಮದು ಅರವತ್ತೆಂಟು."

"ಇನ್ನೊಂದ್ಸಲ ಪರೀಕ್ಷೆ ಮಾಡಿ ಮೇಡಂ. ಈ ಸಲ ಸರಿಯಾಗೇ ಬರೀತೀನಿ. ಬೇರೆ ಪತ್ರಿಕೆ ಕೊಡಿ."

"ಯಾವ ಪತ್ರಿಕೆ ಕೊಡ್ಲಿ? ಇಲ್ಲಿರೋ ಎಲ್ಲಾ ಪತ್ರಿಕೆ, ಎಲ್ಲಾ ಕೀ ಹೊಲಿದಿರೋದು ನೀವೇ." ಮೇಡಂ ಪುಸ್ತಕ ಮುಚ್ಚಿದರು. "ನನ್ನ ಕೈಲಿ ಏನೂ ಇಲ್ಲ. ತುಂಬಾ ಬೇಜಾರಾಗ್ತಿದೆ ನಂಗೆ."

ಬಾಗಿಲ ಹತ್ತಿರ ಹೋದವನು ನೆನಪಾಗಿ ನಿಂತ. "ಆ ನಲವತ್ತೊಂದನೇದು ಒಂದು ತಿದ್ದಿಸ್ಬಿಡಿ ಮೇಡಂ."

"ತಿದ್ದಿದ್ರೆ ಇಷ್ಟು ವರ್ಷ ಪರೀಕ್ಷೆ ಬರೆದೋರ ಅಂಕ ಎಲ್ಲಾ ತಿದ್ದಬೇಕಾಗುತ್ತೆ," ಎಂದು ಮೇಡಂ ಸಣ್ಣ ಧ್ವನಿಯಲ್ಲಿ ಹೇಳಿದರು. "ಅಂಕ ಹಾಗೆಲ್ಲ ಬದಲಾಗೋ ಹಾಗಿಲ್ಲ."

ಶಾಖೆಯ ಬೆಂಚಿನ ಮೇಲೆ ಅವನು ಅರ್ಧ ಹೊಲಿದ ಪುಸ್ತಕವೊಂದಿತ್ತು. ನಿನ್ನೆ ಸಂಜೆ ಬಿಟ್ಟು ಹೋದದ್ದು. ಅದನ್ನು ಮುಗಿಸಿ ಗಂಟು ಹಾಕಿದ. ಯಾರೂ ತಡೆಯಲಿಲ್ಲ. ದಬ್ಬಣ, ಮಡಿಕೆ ಒತ್ತುವ ಮೂಳೆಯ ಪಟ್ಟಿ, ಮೇಣದ ಉಂಡೆ, ಇವು ಅವನ ಸ್ವಂತದವು. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಮೇಸ್ತ್ರಿ ಗೇಟಿನ ತನಕ ಬಂದು, "ಎಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣು ಹಾಕ್ದೆಯಲ್ಲೋ," ಎಂದ. ಬೈಗುಳವೋ ಹೊಗಳಿಕೆಯೋ ಅವನಿಗೇ ಗೊತ್ತಿರಲಿಲ್ಲ. ಮೇಸ್ತ್ರಿ ಒಳಗೆ ಹೋದ.

ತಪ್ಪು ಬಸ್ಸು ಹತ್ತುವ ಭಯಕ್ಕೆ ಅರವತ್ತೆಂಟು ನಡೆದೇ ಬಂದ. ಸಾಲುಮನೆಯ ಮುಂದೆ ಮೇಷ್ಟ್ರು, ಗಡಿಯಾರದಣ್ಣ, ಅಕ್ಕಪಕ್ಕದ ಹತ್ತು ಜನ ಕಾಯುತ್ತಾ ನಿಂತಿದ್ದರು.

"ಎಷ್ಟೋ?" ಎಂದು ಮೇಷ್ಟ್ರು ಅಲ್ಲಿಂದಲೇ ಕೂಗಿದರು.

"ಅರವತ್ತೆಂಟು," ಎಂದ ಅವನು.

"ಹೋ!" ಮೇಷ್ಟ್ರು ಕುಣಿದರು. ಮೂವತ್ತೈದು ವರ್ಷದ ನೌಕರಿಯಲ್ಲಿ ಅವರು ಯಾವ ವಿದ್ಯಾರ್ಥಿಯ ಅಂಕಕ್ಕೂ ಅಷ್ಟು ಸಂತೋಷಪಟ್ಟಿರಲಿಲ್ಲ. "ಹೇಳ್ಲಿಲ್ವಾ ನಾನು? ಕಲ್ಲಿನ ಮೇಲೆ ಬರೆದ ಹಾಗೆ! ಒಂದಂಕ ಅತ್ತಿತ್ತ ಆಗಿಲ್ಲ! ಏಳಪ್ಪಾ ಗಡಿಯಾರ, ಟೀ ಕಾಯ್ಸು!" ಗಡಿಯಾರದಣ್ಣ ಗೊಣಗುತ್ತಾ ಸ್ಟವ್ ಹಚ್ಚಲು ಹೋದ. ಯಾರೋ ಅರವತ್ತೆಂಟರ ಬೆನ್ನು ತಟ್ಟಿದರು. ಅಕ್ಕ ಬಾಗಿಲಲ್ಲಿ ನಿಂತು ಆಕಾಶದ ಕಡೆ ಕೈ ಮುಗಿಯುತ್ತಿದ್ದಳು.

ಒಳಗೆ ಬಂದ ಮೇಲೆ ಅವಳು ಚೀಲದಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ತಾನೇ ಅವನ ಮೂಗಿನ ಮೇಲೆ ಇಟ್ಟಳು. ಹಣೆಯ ಬೋರೆ ನೋಡಿ ಲೊಚಗುಟ್ಟಿದಳು. ಅವನ ಹೆಗಲ ಚೀಲ ಇಳಿಸಿಕೊಂಡಾಗ ಒಳಗೆ ಏನೋ ಭಾರವಾಗಿತ್ತು. ಬಿಚ್ಚಿದಳು. ದಬ್ಬಣ, ಮೂಳೆಯ ಪಟ್ಟಿ, ಮೇಣ. ಇಪ್ಪತ್ತೆರಡು ವರ್ಷದಲ್ಲಿ ಅವು ಒಂದು ದಿನವೂ ಮನೆಗೆ ಬಂದಿರಲಿಲ್ಲ.

"ಅರವತ್ತೆಂಟೇ ಬಂತು ಅಂದ್ಯಲ್ಲೋ," ಎಂದಳು ಅಕ್ಕ.

"ಅಂಕ ಅದೇ ಅಕ್ಕ. ಕೆಲಸ ಹೋಯ್ತು." ಅವನು ಗೋಡೆ ನೋಡುತ್ತಾ ಹೇಳಿದ. "ಎಲ್ಲಾ ತಪ್ಪು ಬರೆದೆ. ಎಲ್ಲಾ ತಪ್ಪು ಬರೀಬೇಕಾದ್ರೆ ಸರಿ ಯಾವುದು ಅಂತ ಗೊತ್ತಿರ್ಬೇಕಂತೆ. ಓದಿದ್ದು ಅರ್ಥ ಆಗುತ್ತೆ ನಂಗೆ ಅಂತ ಅವರಿಗೆ ತಿಳಿದುಹೋಯ್ತು."

ಅಕ್ಕ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತಳು. ಅವಳ ಬೆರಳುಗಳು ಮೇಣದ ಉಂಡೆಯನ್ನು ತಿರುಗಿಸುತ್ತಿದ್ದವು. ಆ ಮೂರು ಸಂಬಂಧಗಳು ಅವಳಿಗೆ ನೆನಪಾದವೋ, ಅಪ್ಪ ಶಾಲೆ ಬಿಡಿಸಿದ ದಿನ ನೆನಪಾಯಿತೋ, ಅವಳೇ ಬಲ್ಲಳು. ಕೊನೆಗೆ ಕೇಳಿದಳು, ಉತ್ತರಕ್ಕೆ ಹೆದರಿದವಳ ಹಾಗೆ.

"ನಿಂಗೆ... ಅರ್ಥ ಆಗುತ್ತೇನೋ? ಯಾವಾಗಿಂದ?"

ಅವನು ಅಕ್ಕನ ಮುಖ ನೋಡಿದ. ಈಗ ಕನ್ನಡಕವಿತ್ತು, ಎಲ್ಲಾ ಚೆನ್ನಾಗಿ ಕಾಣುತ್ತಿತ್ತು. ನರೆತ ಕೂದಲು, ದಾರ ಎಳೆದು ಎಳೆದು ಗೆರೆ ಬಿದ್ದ ಬೆರಳು. ಇಷ್ಟು ವರ್ಷ ಅವಳು ಮದುವೆ ಬಿಟ್ಟು ಕಾಪಾಡಿದ್ದು ಒಬ್ಬ ದಡ್ಡ ತಮ್ಮನನ್ನು. ಸರಿ ಉತ್ತರ ಅವನಿಗೆ ಗೊತ್ತಿತ್ತು. ಆ ಬೆಳಿಗ್ಗೆಯ ಹಾಗೆಯೇ ಅದರ ಮೇಲೆ ಬೆರಳಿಟ್ಟುಕೊಂಡ.

"ಈಚೆಗೆ ಅಕ್ಕ," ಎಂದ. "ಹೋದ ವರ್ಷದಿಂದ ಅನ್ಸುತ್ತೆ. ಅದಕ್ಕೂ ಮುಂಚೆ ಏನೂ ಗೊತ್ತಾಗ್ತಿರ್ಲಿಲ್ಲ."

ಅಕ್ಕ ತಡೆದಿದ್ದ ಉಸಿರು ಬಿಟ್ಟಳು. "ಹೌದಾ," ಎಂದು ಕಣ್ಣೊರೆಸಿಕೊಂಡಳು. "ನಾನು ಎಲ್ಲೋ... ಹೋಗ್ಲಿ ಬಿಡು. ಹೋದ ವರ್ಷದಿಂದ ತಾನೇ. ಹಾಗಿದ್ರೆ ಗಡಿಯಾರದವನು ಹೇಳಿದ್ದೇ ಸರಿ, ಏರಿತ್ತು."

"ಹೂಂ. ಅವನು ಹೇಳಿದ್ದೇ ಸರಿ."

ಹೊರಗಿನಿಂದ ಮೇಷ್ಟ್ರ ಧ್ವನಿ ಬಂತು. "ಏ ಅರವತ್ತೆಂಟು! ಬಾರೋ, ನಿನ್ನ ಟೀ ಆರ್ತಾ ಇದೆ!"

"ಬಂದೆ ಮೇಷ್ಟ್ರೇ," ಎಂದು ಅವನು ಎದ್ದು ಹೋದ.